ಉಪ್ಪಿನ ಋಣ

ಒಂಬತ್ತನೇ ತರಗತಿಯ ವಿಜ್ಞಾನದ ಪಾಠದಲ್ಲಿ ಒಂದು ಉಪಾಯ ಹೇಳಿಕೊಡುತ್ತಾರೆ. ಅಲ್ಯೂಮಿನಿಯಂನ ಸಂಕೇತ ಬರೆದು ಅದರ ಕೆಳಗೆ 3 ಎಂದು ಬರೆಯಿರಿ. ಪಕ್ಕದಲ್ಲಿ ಆಕ್ಸಿಜನ್ನಿನ ಸಂಕೇತ ಬರೆದು ಅದರ ಕೆಳಗೆ 2 ಎಂದು ಬರೆಯಿರಿ. ಎರಡು ಅಂಕಿಗಳನ್ನೂ ಓರೆಯಾಗಿ ಅದಲುಬದಲು ಮಾಡಿ. ಅಲ್ಯೂಮಿನಿಯಂ ಎರಡು, ಆಕ್ಸಿಜನ್ ಮೂರು. ಅಲ್ಯೂಮಿನಿಯಂ ಆಕ್ಸೈಡಿನ ಸೂತ್ರ ಸಿದ್ಧವಾಯಿತು. ಪರೀಕ್ಷೆಯಲ್ಲಿ ಎರಡು ಅಂಕ ಖಾತ್ರಿ.

ಉಪಾಯದ ಹಿಂದಿನ ತರ್ಕವೂ ಸರಳವೇ. ಅಲ್ಯೂಮಿನಿಯಂ ಅಯಾನಿನ ಮೇಲೆ ಮೂರು ಧನ ಆವೇಶ, ಆಕ್ಸೈಡ್ ಅಯಾನಿನ ಮೇಲೆ ಎರಡು ಋಣ ಆವೇಶ. ಎರಡು ಅಲ್ಯೂಮಿನಿಯಂ ಸೇರಿದರೆ ಆರು ಧನ, ಮೂರು ಆಕ್ಸಿಜನ್ ಸೇರಿದರೆ ಆರು ಋಣ. ಕೂಡಿದರೆ ಸೊನ್ನೆ. ವಸ್ತು ಒಟ್ಟಾರೆಯಾಗಿ ವಿದ್ಯುತ್ತಿನ ಮಟ್ಟಿಗೆ ತಟಸ್ಥವಾಗಿರಬೇಕು ಅನ್ನುವುದೊಂದೇ ನಿಯಮ. ಉಪ್ಪಾದರೆ ಇನ್ನೂ ಸುಲಭ: ಸೋಡಿಯಂ ಒಂದು ಧನ, ಕ್ಲೋರಿನ್ ಒಂದು ಋಣ, ಒಂದಕ್ಕೊಂದು.

ಹದಿನಾಲ್ಕು ವರ್ಷದ ಮಕ್ಕಳು ಅರ್ಧ ನಿಮಿಷದಲ್ಲಿ ಮಾಡಿ ಮುಗಿಸುವ ಈ ಲೆಕ್ಕಕ್ಕೆ ಯುರೋಪಿನ ಅತ್ಯುತ್ತಮ ರಸಾಯನಶಾಸ್ತ್ರಜ್ಞರು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಗುದ್ದಾಡಿದರು. ಅಡುಗೆ ಉಪ್ಪಿನ ಸೂತ್ರ ಏನೆಂಬುದರಲ್ಲೇ ಅವರಿಗೆ ಒಮ್ಮತವಿರಲಿಲ್ಲ. ಒಮ್ಮತ ಬಂದ ಮೇಲೂ ಆ ಸೂತ್ರ ಯಾವ ವಸ್ತುವಿನ ಚಿತ್ರ ಎಂಬ ಜಗಳ ಇನ್ನೂ ಅರವತ್ತು ಎಪ್ಪತ್ತು ವರ್ಷ ನಡೆಯಿತು. ಪಠ್ಯಪುಸ್ತಕದ ಎರಡು ಪುಟಗಳ ಕೋಷ್ಟಕದೊಳಗೆ ಅಡಗಿ ಕೂತಿರುವುದು ಆ ಜಗಳದ ಫಲಿತಾಂಶ.

ತಕ್ಕಡಿಗೆ ಕಾಣದ ಎಣಿಕೆ

ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ರಸಾಯನಶಾಸ್ತ್ರಜ್ಞರ ಕೈಯಲ್ಲಿದ್ದ ಮುಖ್ಯ ಸಾಧನ ತಕ್ಕಡಿ. ಫ್ರಾನ್ಸಿನ ಜೋಸೆಫ್ ಪ್ರೂಸ್ಟ್ ತೂಗಿ ತೂಗಿ ಒಂದು ಮಾತು ಹೇಳಿದ: ಒಂದು ಸಂಯುಕ್ತ ಎಲ್ಲಿಂದಲೇ ಬರಲಿ, ಅದರೊಳಗಿನ ಧಾತುಗಳ ತೂಕದ ಅನುಪಾತ ಬದಲಾಗುವುದಿಲ್ಲ. ಸಮುದ್ರದ ಉಪ್ಪೂ ಒಂದೇ, ಗಣಿಯ ಉಪ್ಪೂ ಒಂದೇ. ಇಂದಿನ ಅಂಕಿಗಳಲ್ಲಿ ಹೇಳುವುದಾದರೆ ಪ್ರತಿ 23 ಗ್ರಾಂ ಸೋಡಿಯಂಗೆ 35.5 ಗ್ರಾಂ ಕ್ಲೋರಿನ್.

ಹೀಗೇಕೆ ಎಂಬುದಕ್ಕೆ ಮ್ಯಾಂಚೆಸ್ಟರಿನ ಶಾಲಾ ಮಾಸ್ತರ ಜಾನ್ ಡಾಲ್ಟನ್ ಕಾರಣ ಕೊಟ್ಟ. ಪ್ರತಿ ಧಾತುವಿಗೂ ಅದರದೇ ತೂಕದ ಪರಮಾಣು. ಅವು ಒಂದಕ್ಕೊಂದು, ಒಂದಕ್ಕೆರಡು ಎಂಬಂತೆ ಇಡಿಯಾಗಿ ಕೂಡುತ್ತವೆ. 1808ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಅವನು ಪರಮಾಣುಗಳನ್ನು ಸಣ್ಣ ಸಣ್ಣ ವೃತ್ತಗಳಾಗಿ ಬರೆದು ಸಂಯುಕ್ತಗಳ ಚಿತ್ರ ಕೊಟ್ಟ. ನೀರಿಗೆ ಒಂದು ಹೈಡ್ರೋಜನ್, ಒಂದು ಆಕ್ಸಿಜನ್ ಎಂದು ಬರೆದ. ಎರಡೇಕಲ್ಲ? ಕಾರಣವೇನೂ ಇರಲಿಲ್ಲ. ಬೇರೆ ಸುಳಿವು ಇಲ್ಲದಾಗ ಅತ್ಯಂತ ಸರಳವಾದದ್ದನ್ನೇ ಹಿಡಿಯಬೇಕು ಎಂಬುದು ಅವನ ನಿಯಮ.

ತೊಡಕು ಇಲ್ಲೇ ಇತ್ತು. ಮದುವೆ ಮನೆಯ ತಾಂಬೂಲದ ಚೀಲಗಳನ್ನು ನೆನೆಸಿಕೊಳ್ಳಿ. ಪ್ರತಿ ಚೀಲದಲ್ಲೂ ತೆಂಗಿನಕಾಯಿ, ಬಟ್ಟಲಡಿಕೆ ಇವೆ. ಚೀಲಗಳನ್ನು ಬಿಚ್ಚದೆ, ಒಟ್ಟು ಇಷ್ಟು ಕಿಲೋ ಕಾಯಿ, ಇಷ್ಟು ಕಿಲೋ ಅಡಿಕೆ ಹೋಗಿದೆ ಎಂದಷ್ಟೇ ಲೆಕ್ಕ ಸಿಕ್ಕಿದರೆ, ಒಂದು ಚೀಲದಲ್ಲಿ ಎಷ್ಟು ಅಡಿಕೆ ಇತ್ತು ಎಂದು ಹೇಳಲಾದೀತೇ? ಒಂದು ಕಾಯಿಯ ತೂಕ, ಒಂದು ಅಡಿಕೆಯ ತೂಕ ಗೊತ್ತಿದ್ದರೆ ಹೇಳಬಹುದು. ಪರಮಾಣುವಿನ ವಿಷಯದಲ್ಲಿ ಅದೇ ಗೊತ್ತಿಲ್ಲ. ಒಂದರ ತೂಕ ತಿಳಿಯಬೇಕಾದರೆ ಸೂತ್ರ ತಿಳಿದಿರಬೇಕು. ಸೂತ್ರ ತಿಳಿಯಬೇಕಾದರೆ ಒಂದರ ತೂಕ ತಿಳಿದಿರಬೇಕು.

ಉಪ್ಪಿಗೂ ಇದೇ ಗತಿ. ಸೋಡಿಯಂ ಪರಮಾಣುವಿನ ತೂಕ 23 ಎಂದು ಹಿಡಿದರೆ ಒಂದು ಸೋಡಿಯಂಗೆ ಒಂದು ಕ್ಲೋರಿನ್. ಅದನ್ನು 46 ಎಂದು ಹಿಡಿದರೆ ಒಂದು ಸೋಡಿಯಂಗೆ ಎರಡು ಕ್ಲೋರಿನ್. ತಕ್ಕಡಿಯ ಮುಂದೆ ಎರಡೂ ಸರಿ.

ಅಕ್ಷರಗಳು ಬಂದವು

ಡಾಲ್ಟನ್ನನ ಪುಸ್ತಕ ಅಚ್ಚಾಗುವ ಮೊದಲೇ ರಸಾಯನಶಾಸ್ತ್ರಕ್ಕೆ ಇನ್ನೊಂದು ಸಾಧನ ಒದಗಿತ್ತು. 1800ರಲ್ಲಿ ಇಟಲಿಯ ವೋಲ್ಟಾ ತನ್ನ ವಿದ್ಯುತ್ಕೋಶದ ಸುದ್ದಿಯನ್ನು ಲಂಡನ್ನಿಗೆ ಬರೆದ. ಅದೇ ವರ್ಷ ಇಂಗ್ಲೆಂಡಿನ ನಿಕಲ್ಸನ್ ಮತ್ತು ಕಾರ್ಲೈಲ್ ನೀರಿನೊಳಗೆ ವಿದ್ಯುತ್ತು ಹಾಯಿಸಿ ಅದನ್ನು ಎರಡು ಅನಿಲಗಳಾಗಿ ಒಡೆದರು. 1807ರಲ್ಲಿ ಹಂಫ್ರಿ ಡೇವಿ ಕರಗಿಸಿದ ಪೊಟ್ಯಾಷ್ ಮತ್ತು ಸೋಡಾಗಳಿಗೆ ವಿದ್ಯುತ್ತು ಹಾಯಿಸಿ ಪೊಟ್ಯಾಸಿಯಂ ಮತ್ತು ಸೋಡಿಯಂ ಎಂಬ ಎರಡು ಹೊಸ ಲೋಹಗಳನ್ನು ಬೇರ್ಪಡಿಸಿದ. ಲೋಹ ಯಾವಾಗಲೂ ಋಣ ತುದಿಯ ಕಡೆಗೇ ಹೋಗುತ್ತಿತ್ತು. ಆಕ್ಸಿಜನ್, ಕ್ಲೋರಿನ್‌ಗಳು ಧನ ತುದಿಯ ಕಡೆಗೆ.

ಸ್ವೀಡನ್ನಿನ ಯಾನ್ಸ್ ಯಾಕೋಬ್ ಬರ್ಜೀಲಿಯಸ್ ಇದರಿಂದ ಒಂದು ಸಿದ್ಧಾಂತವನ್ನೇ ಕಟ್ಟಿದ. ಪ್ರತಿ ಸಂಯುಕ್ತಕ್ಕೂ ಎರಡು ಭಾಗ, ಒಂದು ಧನ, ಒಂದು ಋಣ. ಅವೆರಡರ ಸೆಳೆತವೇ ರಾಸಾಯನಿಕ ಬಂಧ. ಇಂದು ನಾವು ಬಳಸುವ ಅಕ್ಷರ ಸಂಕೇತಗಳನ್ನು 1813-14ರಲ್ಲಿ ಕೊಟ್ಟವನೂ ಅವನೇ. ಲ್ಯಾಟಿನ್ ಹೆಸರಿನ ಮೊದಲ ಒಂದೋ ಎರಡೋ ಅಕ್ಷರ ಸಾಕು ಎಂದ. ಸೋಡಿಯಂಗೆ ಎನ್ ಮತ್ತು ಎ ಏಕೆ ಬಂತೆಂದು ಮಕ್ಕಳು ಇಂದಿಗೂ ಕೇಳುತ್ತಾರೆ. ಅದರ ಲ್ಯಾಟಿನ್ ಹೆಸರು ನ್ಯಾಟ್ರಿಯಂ. ಈಜಿಪ್ಟಿನ ಒಣಗಿದ ಕೆರೆಗಳಲ್ಲಿ ಸಿಗುತ್ತಿದ್ದ ನ್ಯಾಟ್ರಾನ್ ಎಂಬ ಕ್ಷಾರದಿಂದ ಬಂದದ್ದು. ನಮ್ಮಲ್ಲಿ ಅಗಸರು ಬಟ್ಟೆ ಒಗೆಯಲು ತರುತ್ತಿದ್ದ ಸವಳು ಮಣ್ಣಿನ ದೂರದ ನೆಂಟ ಎನ್ನಬಹುದು. ಡಾಲ್ಟನ್ನನಿಗೆ ಮಾತ್ರ ಈ ಅಕ್ಷರಗಳು ಕೊನೆಯವರೆಗೂ ಒಗ್ಗಲಿಲ್ಲ. ವೃತ್ತಗಳಲ್ಲಿ ಪರಮಾಣು ಕಣ್ಣಿಗೆ ಕಾಣುತ್ತದೆ, ಅಕ್ಷರಗಳಲ್ಲಿ ಕಾಣುವುದಿಲ್ಲ ಎಂಬುದು ಅವನ ತಕರಾರು.

ಬರ್ಜೀಲಿಯಸ್ಸನ ಬಳಿ ಸಂಕೇತವೂ ಇತ್ತು, ವಿದ್ಯುತ್ತಿನ ಸಿದ್ಧಾಂತವೂ ಇತ್ತು, ಎರಡು ಸಾವಿರದಷ್ಟು ಸಂಯುಕ್ತಗಳನ್ನು ವಿಶ್ಲೇಷಿಸಿದ ಅನುಭವವೂ ಇತ್ತು. ಆದರೂ ಎಣಿಕೆ ಸಿಗಲಿಲ್ಲ. ಕಬ್ಬಿಣದ ಎರಡು ಆಕ್ಸೈಡುಗಳನ್ನು ಅವನು ಮೊದಲು ಒಂದು ಕಬ್ಬಿಣಕ್ಕೆ ಎರಡು ಆಕ್ಸಿಜನ್, ಒಂದು ಕಬ್ಬಿಣಕ್ಕೆ ಮೂರು ಆಕ್ಸಿಜನ್ ಎಂದು ಬರೆದ. ಹರಳುಗಳ ಆಕಾರದ ಅಧ್ಯಯನದಿಂದ ಹೊಸ ಸುಳಿವು ಸಿಕ್ಕಿದ ಮೇಲೆ 1826ರಲ್ಲಿ ಅವನ್ನು ತಿದ್ದಿ, ಒಂದಕ್ಕೊಂದು ಮತ್ತು ಎರಡಕ್ಕೆ ಮೂರು ಎಂದ. ಇಂದಿನ ಪಠ್ಯಪುಸ್ತಕದಲ್ಲಿರುವುದೂ ಅದೇ. ಸೋಡಿಯಂ ವಿಷಯದಲ್ಲಿ ಮಾತ್ರ ಎಡವಿದ. ಅದರ ಆಕ್ಸೈಡೂ ಕಬ್ಬಿಣದ್ದರಂತೆ ಒಂದಕ್ಕೊಂದು ಇರಬೇಕು ಎಂದು ಹಿಡಿದದ್ದರಿಂದ ಸೋಡಿಯಂನ ತೂಕ ಇಂದಿನದರ ಎರಡರಷ್ಟಾಯಿತು. ಹಾಗಾಗಿ ಅವನ ಪುಸ್ತಕದಲ್ಲಿ ಉಪ್ಪು ಅಂದರೆ ಒಂದು ಸೋಡಿಯಂ, ಎರಡು ಕ್ಲೋರಿನ್.

ಹೋಗುವವನು

ವಿದ್ಯುತ್ತನ್ನು ಅಳೆದು ಲೆಕ್ಕ ಹಾಕಿದವನು ಮೈಕೆಲ್ ಫ್ಯಾರಡೆ. ಪುಸ್ತಕಕ್ಕೆ ರಟ್ಟು ಕಟ್ಟುವವನ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ, ಡೇವಿಯ ಉಪನ್ಯಾಸ ಕೇಳಿ ಅವನ ಸಹಾಯಕನಾಗಿ ಸೇರಿದವನು. 1833-34ರಲ್ಲಿ ಅವನು ಕಂಡುಕೊಂಡದ್ದು ಇದು: ಒಂದೇ ಪ್ರಮಾಣದ ವಿದ್ಯುತ್ತನ್ನು ಬೇರೆ ಬೇರೆ ದ್ರಾವಣಗಳಲ್ಲಿ ಹಾಯಿಸಿದರೆ ಹೊರಬೀಳುವ ವಸ್ತುಗಳ ತೂಕಗಳಿಗೆ ಒಂದು ನಿಶ್ಚಿತ ಸಂಬಂಧ ಇರುತ್ತದೆ. 1 ಗ್ರಾಂ ಹೈಡ್ರೋಜನ್ ಬಿಡಿಸುವ ವಿದ್ಯುತ್ತು 108 ಗ್ರಾಂ ಬೆಳ್ಳಿಯನ್ನು ಬಿಡಿಸುತ್ತದೆ, ಸುಮಾರು 32 ಗ್ರಾಂ ತಾಮ್ರವನ್ನು ಬಿಡಿಸುತ್ತದೆ.

ಈ ಕೆಲಸಕ್ಕೆ ಹೊಸ ಮಾತುಗಳು ಬೇಕಾದವು. ಫ್ಯಾರಡೆ ಕೇಂಬ್ರಿಜ್‌ನ ವಿಲಿಯಂ ಹ್ಯೂವೆಲ್‌ಗೆ ಪತ್ರ ಬರೆದ. ಹ್ಯೂವೆಲ್ ಗ್ರೀಕ್ ಮೂಲದಿಂದ ಆನೋಡ್, ಕ್ಯಾಥೋಡ್, ಅಯಾನ್ ಎಂಬ ಪದಗಳನ್ನು ಸೂಚಿಸಿದ. ಅಯಾನ್ ಎಂದರೆ ಹೋಗುವಂಥದ್ದು, ವಿದ್ಯುತ್ತಿನ ತುದಿಯ ಕಡೆಗೆ ನಡೆಯುವಂಥದ್ದು. ಕನ್ನಡ ಈ ಪದಕ್ಕೆ ಒಂದು ಉಕಾರ ಸೇರಿಸಿ ಅಯಾನು ಎಂದು ಇಟ್ಟುಕೊಂಡಿತು. ಸ್ವಾರಸ್ಯವೆಂದರೆ, ಗ್ರೀಕಿನ ಆ ಧಾತುವೂ ಸಂಸ್ಕೃತದ ಅಯನವೂ ಒಂದೇ ಮೂಲದವು. ಸೂರ್ಯ ಉತ್ತರದ ಕಡೆ ಹೋಗುವುದು ಉತ್ತರಾಯಣ. ಸೋಡಿಯಂ ಋಣ ತುದಿಯ ಕಡೆ ಹೋದರೆ ಅಯಾನು. ಇಂಗ್ಲಿಷಿನಿಂದ ಎರವಲು ಬಂದ ಪದ ತನಗೆ ತಿಳಿಯದೆಯೇ ನೆಂಟರ ಮನೆ ಸೇರಿಕೊಂಡಿದೆ.

ಫ್ಯಾರಡೆಯ ಅಂಕಿಗಳನ್ನು ಇಂದು ನೋಡಿದರೆ ಎಲ್ಲವೂ ಸ್ಪಷ್ಟ. ತಾಮ್ರದ ಪರಮಾಣು ತೂಕ 63.5. ಅಷ್ಟು ತಾಮ್ರ ಬಿಡಿಸಬೇಕಾದರೆ ಬೆಳ್ಳಿಗೆ ಬೇಕಾದದ್ದರ ಎರಡರಷ್ಟು ವಿದ್ಯುತ್ತು ಬೇಕು, ಅಂದರೆ ತಾಮ್ರದ ಅಯಾನಿನ ಮೇಲೆ ಎರಡು ಆವೇಶ. ಆದರೆ 1834ರಲ್ಲಿ ತಾಮ್ರದ ತೂಕ 63.5 ಎಂದು ಯಾರು ಹೇಳಬೇಕು? ಪರಮಾಣುಗಳ ಗೊಡವೆಯೇ ಬೇಡ ಎಂದ ಒಂದು ದೊಡ್ಡ ಪಂಗಡ 32ನ್ನೇ ತಾಮ್ರದ ತೂಕ ಎಂದು ಇಟ್ಟುಕೊಂಡಿತ್ತು. ಅವರ ಪ್ರಕಾರ ಆಕ್ಸಿಜನ್ 8, ನೀರು ಒಂದಕ್ಕೊಂದು, ನೀಲಿ ಬಣ್ಣದ ತಾಮ್ರದ ಕ್ಲೋರೈಡೂ ಒಂದಕ್ಕೊಂದು. ಅವರ ಲೆಕ್ಕದಲ್ಲಿ ಎಲ್ಲ ಅಯಾನುಗಳೂ ಒಂದೇ ಪ್ರಮಾಣದ ವಿದ್ಯುತ್ತನ್ನು ಹೊತ್ತವು. ಒಂದು, ಎರಡು, ಮೂರು ಎಂಬ ಭೇದ ಕಾಣಿಸುವ ಜಾಗವೇ ಆ ಲೆಕ್ಕದಲ್ಲಿ ಇರಲಿಲ್ಲ.

ಗೊಂದಲ ಎಷ್ಟು ಬೆಳೆಯಿತೆಂದರೆ, ಜರ್ಮನಿಯ ಕೆಕುಲೆ 1861ರಲ್ಲಿ ತಂದ ಪಠ್ಯಪುಸ್ತಕದಲ್ಲಿ ವಿನೆಗರಿನ ಅಸಿಟಿಕ್ ಆಮ್ಲ ಒಂದಕ್ಕೇ ಆಗ ಬಳಕೆಯಲ್ಲಿದ್ದ 19 ಸೂತ್ರಗಳನ್ನು ಪಟ್ಟಿ ಮಾಡಿದ.

ಕಾರ್ಲ್ಸ್‌ರೂಹೆಯ ಮೂರು ದಿನ

1860ರ ಸೆಪ್ಟೆಂಬರ್ 3ರಂದು ಜರ್ಮನಿಯ ಕಾರ್ಲ್ಸ್‌ರೂಹೆ ಊರಿನಲ್ಲಿ ಯುರೋಪಿನ ನೂರಕ್ಕೂ ಹೆಚ್ಚು ರಸಾಯನಶಾಸ್ತ್ರಜ್ಞರು ಸೇರಿದರು. ಪರಮಾಣು ಎಂದರೇನು, ಅಣು ಎಂದರೇನು, ಸೂತ್ರ ಹೇಗೆ ಬರೆಯಬೇಕು ಎಂಬುದನ್ನು ಕೂತು ತೀರ್ಮಾನಿಸುವುದು ಉದ್ದೇಶ. ಮೂರು ದಿನ ಚರ್ಚೆಯಾಯಿತು, ತೀರ್ಮಾನ ಆಗಲಿಲ್ಲ. ವಿಜ್ಞಾನದ ಪ್ರಶ್ನೆಗಳನ್ನು ಕೈ ಎತ್ತಿಸಿ ನಿರ್ಧರಿಸುವುದು ಹೇಗೆ ಎಂಬ ಆಕ್ಷೇಪವೂ ಬಂತು.

ಸಭೆಗೆ ಬಂದಿದ್ದವರಲ್ಲಿ ಸಿಸಿಲಿಯ ಸ್ಟಾನಿಸ್ಲಾವೊ ಕ್ಯಾನಿಜಾರೊ ಒಬ್ಬ. 1848ರ ದಂಗೆಯಲ್ಲಿ ಪಾಲ್ಗೊಂಡು, ಅದು ಸೋತಾಗ ಫ್ರಾನ್ಸಿಗೆ ತಪ್ಪಿಸಿಕೊಂಡು ಹೋಗಿ, ಮುಂದೆ ಜಿನೋವಾದಲ್ಲಿ ಪಾಠ ಹೇಳುತ್ತಿದ್ದವನು. ತನ್ನ ವಿದ್ಯಾರ್ಥಿಗಳಿಗೆ ಈ ವಿಷಯ ಹೇಗೆ ಕಲಿಸುತ್ತೇನೆಂದು 1858ರಲ್ಲಿ ಒಂದು ಕಿರುಹೊತ್ತಿಗೆ ಬರೆದಿದ್ದ. ಸಭೆ ಮುಗಿದು ಜನ ಹೊರಡುವಾಗ ಅವನ ಗೆಳೆಯ ಪವೇಸಿ ಅದರ ಪ್ರತಿಗಳನ್ನು ಹಂಚಿದ.

ಕ್ಯಾನಿಜಾರೊ ಹೊಸ ಪ್ರಯೋಗ ಮಾಡಿರಲಿಲ್ಲ. ಆಗಲೇ ಇದ್ದ ಎರಡು ಹಳೆಯ ಸುಳಿವುಗಳನ್ನು ಒಟ್ಟಿಗೆ ಇಟ್ಟು ನೋಡಿದ್ದ. ಮೊದಲನೆಯದು ಅವನದೇ ದೇಶದ ಅವೊಗಾಡ್ರೊ 1811ರಲ್ಲಿ ಹೇಳಿದ್ದು: ಸಮಾನ ಗಾತ್ರದ ಅನಿಲಗಳಲ್ಲಿ ಸಮಾನ ಸಂಖ್ಯೆಯ ಅಣುಗಳಿರುತ್ತವೆ. ಇದರಿಂದ ನೀರಿನಲ್ಲಿ ಹೈಡ್ರೋಜನ್ ಎರಡು ಎಂಬುದು ನಿಂತಿತು. ಲೋಹಗಳನ್ನು ಅನಿಲವಾಗಿಸುವುದು ಕಷ್ಟ, ಅಲ್ಲಿಗೆ ಎರಡನೆಯ ಸುಳಿವು. 1819ರಲ್ಲಿ ಫ್ರಾನ್ಸಿನ ಡ್ಯುಲಾಂಗ್ ಮತ್ತು ಪೆಟಿಟ್ ಒಂದು ವಿಚಿತ್ರವನ್ನು ಗಮನಿಸಿದ್ದರು. ಒಂದು ಗ್ರಾಂ ಲೋಹವನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾದ ಶಾಖವನ್ನು ಅದರ ಪರಮಾಣು ತೂಕದಿಂದ ಗುಣಿಸಿದರೆ ಬಹುತೇಕ ಎಲ್ಲ ಲೋಹಗಳಿಗೂ 6ರ ಆಸುಪಾಸಿನ ಸಂಖ್ಯೆಯೇ ಬರುತ್ತದೆ.

ಈಗ ತಾಮ್ರವನ್ನು ಪರೀಕ್ಷಿಸಬಹುದು. ಒಂದು ಗ್ರಾಂ ತಾಮ್ರಕ್ಕೆ ಬೇಕಾದ ಶಾಖ ಸುಮಾರು 0.092 ಕ್ಯಾಲರಿ. ಅದನ್ನು 32ರಿಂದ ಗುಣಿಸಿದರೆ 3ರ ಹತ್ತಿರ, 63.5ರಿಂದ ಗುಣಿಸಿದರೆ 5.8. ಹಾಗಾದರೆ 63.5 ಸರಿ. ಸೋಡಿಯಂಗೆ ಬೇಕಾದ ಶಾಖ 0.29. ಬರ್ಜೀಲಿಯಸ್ಸನ 46ರಿಂದ ಗುಣಿಸಿದರೆ 13ರ ಮೇಲೆ ಹೋಗುತ್ತದೆ. 23ರಿಂದ ಗುಣಿಸಿದರೆ 6.7. ಹಾಗಾದರೆ 23 ಸರಿ. ಉಪ್ಪು ಒಂದಕ್ಕೊಂದು, ತಾಮ್ರದ ಕ್ಲೋರೈಡು ಒಂದಕ್ಕೆರಡು. ತಾಂಬೂಲದ ಚೀಲ ಬಿಚ್ಚದೆಯೇ ಒಂದು ಕಾಯಿಯ ತೂಕ ಸಿಕ್ಕಂತಾಯಿತು.

ಸಭೆಯಿಂದ ಮರಳಿದ ಇಬ್ಬರು ಯುವಕರು, ರಷ್ಯಾದ ಮೆಂಡಲೀವ್ ಮತ್ತು ಜರ್ಮನಿಯ ಲೋಥರ್ ಮೆಯರ್, ಈ ತೂಕಗಳನ್ನೇ ಆಧಾರವಾಗಿಟ್ಟುಕೊಂಡು ಹತ್ತು ವರ್ಷದೊಳಗೆ ಧಾತುಗಳನ್ನು ಕೋಷ್ಟಕದಲ್ಲಿ ಕೂರಿಸಿದರು. ಒಂದೇ ಕಂಬದಲ್ಲಿ ಬಂದ ಧಾತುಗಳಿಗೆ ಸಾಮಾನ್ಯವಾಗಿ ಒಂದೇ ವೇಲೆನ್ಸಿ ಎಂಬುದೂ ಆಗ ಕಣ್ಣಿಗೆ ಬಿತ್ತು. ಶಾಲೆಯ ಮಕ್ಕಳು ಬಾಯಿಪಾಠ ಮಾಡುವ ಪಟ್ಟಿ ಹುಟ್ಟಿದ್ದು ಹೀಗೆ. ಆ ಅಂಕಿಗಳು ಎಲ್ಲಿಂದ ಬಂದವು ಎಂಬುದಕ್ಕೆ ಮಾತ್ರ ಆಗ ಯಾರ ಬಳಿಯೂ ಉತ್ತರ ಇರಲಿಲ್ಲ.

ನೀರಿನಲ್ಲಿ ಬಿಡಿಬಿಡಿ

ಸೂತ್ರ ಸರಿಯಾಯಿತು. ಆದರೆ ಒಂದು ಸೋಡಿಯಂ, ಒಂದು ಕ್ಲೋರಿನ್ ಕೈ ಕೈ ಹಿಡಿದು ನಿಂತ ಜೋಡಿಯೇ ಉಪ್ಪಿನ ಅಣು, ವಿದ್ಯುತ್ತು ಹಾಯಿಸಿದಾಗ ಮಾತ್ರ ಆ ಕೈ ಬಿಡುತ್ತದೆ ಎಂದು ಎಲ್ಲರೂ ನಂಬಿದ್ದರು. ಈ ನಂಬಿಕೆಯನ್ನು ಅಲುಗಿಸಿದವನು ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್. ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ 1884ರಲ್ಲಿ ಸಲ್ಲಿಸಿದ ಅವನ ಪ್ರಬಂಧಕ್ಕೆ ಸಿಕ್ಕಿದ್ದು ಕೆಳಗಿನ ದರ್ಜೆ. ಪ್ರಬಂಧದ ಪ್ರತಿ ತಲುಪಿದ ಮೇಲೆ ರೀಗಾದಿಂದ ಆಸ್ಟ್‌ವಾಲ್ಡ್ ಅವನನ್ನು ನೋಡಲೆಂದೇ ಉಪ್ಸಾಲಾಕ್ಕೆ ಬಂದ. 1887ರಲ್ಲಿ ಅರ್ಹೇನಿಯಸ್ ಮಾತನ್ನು ಬಿಚ್ಚಿ ಹೇಳಿದ: ಉಪ್ಪು ನೀರಿಗೆ ಬಿದ್ದ ಕೂಡಲೇ ಅದರ ಬಹುಭಾಗ ಅಯಾನುಗಳಾಗಿ ಬಿಡಿಯಾಗುತ್ತದೆ, ವಿದ್ಯುತ್ತು ಹಾಯಲಿ ಬಿಡಲಿ.

ಅವನ ಪರವಾಗಿದ್ದ ಸಾಕ್ಷ್ಯಗಳಲ್ಲಿ ಒಂದು ತುಂಬ ಸರಳವಾದದ್ದು. ನೀರಿನಲ್ಲಿ ಏನನ್ನಾದರೂ ಕರಗಿಸಿದರೆ ಅದು ಹೆಪ್ಪುಗಟ್ಟುವ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಎಷ್ಟು ಇಳಿಯುತ್ತದೆ ಎಂಬುದು ಕರಗಿದ ಕಣಗಳ ಸಂಖ್ಯೆಯನ್ನು ಅವಲಂಬಿಸಿದೆ. ಅಷ್ಟೇ ಸಂಖ್ಯೆಯ ಸೂತ್ರ ಪ್ರಮಾಣ ಕರಗಿಸಿದಾಗ ಸಕ್ಕರೆಗೆ ಆಗುವ ಇಳಿಕೆಯ ಸುಮಾರು ಎರಡರಷ್ಟು ಉಪ್ಪಿಗೆ ಆಗುತ್ತದೆ. ಒಂದಕ್ಕೆರಡರ ಕ್ಯಾಲ್ಸಿಯಂ ಕ್ಲೋರೈಡಿಗೆ ಮೂರರಷ್ಟರ ಹತ್ತಿರ. ಕಾಗದದ ಮೇಲಿನ ಎಣಿಕೆಯನ್ನು ನೀರು ತಾನೇ ಎಣಿಸಿ ತೋರಿಸುತ್ತಿತ್ತು.

ವಿರೋಧಿಗಳ ಪ್ರಶ್ನೆಯೂ ನ್ಯಾಯವಾದದ್ದೇ. ಸೋಡಿಯಂ ನೀರಿಗೆ ಬಿದ್ದರೆ ಉರಿದು ಸಿಡಿಯುವ ಲೋಹ. ಕ್ಲೋರಿನ್ ವಿಷಾನಿಲ. ಇವೆರಡೂ ಒಂದು ಲೋಟ ಉಪ್ಪುನೀರಿನಲ್ಲಿ ಬಿಡಿಬಿಡಿಯಾಗಿ ಅಡ್ಡಾಡುತ್ತಿದ್ದರೆ ಅದನ್ನು ಕುಡಿದವರು ಬದುಕುವುದು ಹೇಗೆ? ಆವೇಶ ಹೊತ್ತ ಸೋಡಿಯಂ ಬೇರೆ, ಲೋಹದ ಸೋಡಿಯಂ ಬೇರೆ ಎಂಬುದೇ ಉತ್ತರ. ಅದನ್ನು ಅರಗಿಸಿಕೊಳ್ಳಲು ಕಾಲ ಹಿಡಿಯಿತು. 1903ರಲ್ಲಿ ಅರ್ಹೇನಿಯಸ್‌ಗೆ ನೊಬೆಲ್ ಬಂತು.

ಸಾಲದ ನಾಣ್ಯ

ವಿದ್ಯುತ್ತಿಗೂ ಬಿಡಿ ನಾಣ್ಯ ಇರಬೇಕು ಎಂಬ ಅನುಮಾನ ಫ್ಯಾರಡೆಯ ಅಂಕಿಗಳಲ್ಲೇ ಇತ್ತು. ಐರ್ಲೆಂಡಿನ ಸ್ಟೋನಿ 1891ರಲ್ಲಿ ಆ ನಾಣ್ಯಕ್ಕೆ ಎಲೆಕ್ಟ್ರಾನ್ ಎಂದು ಹೆಸರಿಟ್ಟ, 1897ರಲ್ಲಿ ಜೆ. ಜೆ. ಥಾಮ್ಸನ್ ಅದನ್ನು ಕಣವಾಗಿ ಪತ್ತೆಹಚ್ಚಿದ. 1916ರಲ್ಲಿ ಜರ್ಮನಿಯ ವಾಲ್ಟರ್ ಕೊಸೆಲ್, ಅಮೆರಿಕದ ಗಿಲ್ಬರ್ಟ್ ಲೂಯಿಸ್ ಬೇರೆ ಬೇರೆಯಾಗಿ ವೇಲೆನ್ಸಿಯ ಗುಟ್ಟು ಹೇಳಿದರು. ಯಾರ ತಂಟೆಗೂ ಹೋಗದ ನಿಯಾನ್, ಆರ್ಗಾನ್‌ಗಳ ಎಲೆಕ್ಟ್ರಾನ್ ಸಂಖ್ಯೆಯೇ ನೆಮ್ಮದಿಯ ಸಂಖ್ಯೆ. ಸೋಡಿಯಂಗೆ ನಿಯಾನ್‌ಗಿಂತ ಒಂದು ಹೆಚ್ಚು, ಅದನ್ನು ಕೊಡುತ್ತದೆ. ಕ್ಲೋರಿನ್ನಿಗೆ ಆರ್ಗಾನ್‌ಗಿಂತ ಒಂದು ಕಡಿಮೆ, ಅದನ್ನು ಪಡೆಯುತ್ತದೆ. ಅಲ್ಯೂಮಿನಿಯಂ ಮೂರು ಕೊಡಬೇಕು, ಆಕ್ಸಿಜನ್ನಿಗೆ ಎರಡು ಬೇಕು.

ಇಂಗ್ಲಿಷಿನಲ್ಲಿ ಕಲಿಯುವ ಮಕ್ಕಳಿಗೆ ಇಲ್ಲಿ ಒಂದು ಗಂಟು ಎದುರಾಗುತ್ತದೆ. ಎಲೆಕ್ಟ್ರಾನ್ ಕಳೆದುಕೊಂಡ ಸೋಡಿಯಂ ಪ್ಲಸ್, ಗಳಿಸಿಕೊಂಡ ಕ್ಲೋರಿನ್ ಮೈನಸ್. ಕಳೆದುಕೊಂಡವರಿಗೆ ಕೂಡು ಚಿಹ್ನೆ ಹೇಗೆ? ಇದರ ಹೊಣೆ ಬೆಂಜಮಿನ್ ಫ್ರಾಂಕ್ಲಿನ್‌ನದು. 1747ರಲ್ಲಿ, ಎಲೆಕ್ಟ್ರಾನಿನ ಕಲ್ಪನೆಯೂ ಇಲ್ಲದ ಕಾಲದಲ್ಲಿ, ವಿದ್ಯುತ್ತು ಹೆಚ್ಚಾಗಿರುವ ಕಡೆಗೆ ಪ್ಲಸ್, ಕಡಿಮೆಯಾಗಿರುವ ಕಡೆಗೆ ಮೈನಸ್ ಎಂದು ಅಂದಾಜಿನ ಮೇಲೆ ಹೆಸರಿಟ್ಟ. ನೂರೈವತ್ತು ವರ್ಷದ ಮೇಲೆ ನೋಡಿದರೆ ಅವನ ಅಂದಾಜು ತಿರುಗುಮುರುಗಾಗಿತ್ತು.

ಕನ್ನಡದ ಪಠ್ಯಪುಸ್ತಕದಲ್ಲಿ ಮಾತ್ರ ಈ ಗಂಟು ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಪ್ಲಸ್ ಎಂದರೆ ಧನ, ಮೈನಸ್ ಎಂದರೆ ಋಣ. ಈ ಜೋಡಿ ಹಳೆಯದು. ಕ್ರಿಸ್ತಶಕ 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಬ್ರಹ್ಮಗುಪ್ತ ಧನ ಮತ್ತು ಋಣ ಸಂಖ್ಯೆಗಳನ್ನು ಕೂಡುವ ನಿಯಮ ಕೊಟ್ಟಿದ್ದಾನೆ. ಸಮಾನವಾದ ಧನವೂ ಋಣವೂ ಸೇರಿದರೆ ಸೊನ್ನೆ ಎಂಬುದು ಅದರಲ್ಲಿ ಒಂದು. ಹಳೆಯ ವ್ಯವಹಾರ ಶಾಸ್ತ್ರದಲ್ಲಿ ಸಾಲ ಕೊಟ್ಟವನು ಧನಿಕ, ಪಡೆದವನು ಋಣಿ. ಎಲೆಕ್ಟ್ರಾನನ್ನು ಕೊಟ್ಟದ್ದು ಸೋಡಿಯಂ, ಹಾಗಾಗಿ ಅದು ಧನ. ಪಡೆದದ್ದು ಕ್ಲೋರಿನ್, ಹಾಗಾಗಿ ಅದರ ತಲೆಯ ಮೇಲೆ ಋಣ. ಫ್ರಾಂಕ್ಲಿನ್ ಚಿಹ್ನೆಯನ್ನು ತಪ್ಪಾಗಿ ಹಚ್ಚಿದ್ದರಿಂದಲೇ ನಮ್ಮ ಪದಗಳು ಸರಿಯಾಗಿ ಕೂತಿವೆ. ಸೂತ್ರ ಬರೆಯುವುದೆಂದರೆ ಕೊಟ್ಟದ್ದು, ಪಡೆದದ್ದು ಸರಿಹೋಗುವ ತನಕ ಎರಡೂ ಕಡೆಯವರನ್ನು ಕರೆಸುವುದು.

ಅಣುವೇ ಇಲ್ಲ

ಕೊಸೆಲ್‌ಗಿಂತ ಸ್ವಲ್ಪ ಮೊದಲು, 1913ರಲ್ಲಿ, ಲಾರೆನ್ಸ್ ಬ್ರ್ಯಾಗ್ ಎಂಬ 23 ವರ್ಷದ ಯುವಕ ಕ್ಷಕಿರಣಗಳ ಸಹಾಯದಿಂದ ಉಪ್ಪಿನ ಹರಳಿನ ಒಳರಚನೆಯನ್ನು ಬಿಡಿಸಿದ್ದ. ಪ್ರತಿ ಸೋಡಿಯಂನ ಸುತ್ತ ಆರು ಕ್ಲೋರಿನ್, ಪ್ರತಿ ಕ್ಲೋರಿನ್ನಿನ ಸುತ್ತ ಆರು ಸೋಡಿಯಂ. ಹರಳಿನ ಈ ತುದಿಯಿಂದ ಆ ತುದಿಯವರೆಗೂ ಹೀಗೆಯೇ. ಇಂಥ ಸೋಡಿಯಂಗೆ ಇಂಥ ಕ್ಲೋರಿನ್ ಜೋಡಿ ಎಂದು ಹೇಳುವ ಹಾಗೇ ಇಲ್ಲ. ಉಪ್ಪಿನ ಅಣು ಎಂಬುದು ಹರಳಿನಲ್ಲಿ ಎಲ್ಲೂ ಸಿಗಲಿಲ್ಲ. 1915ರಲ್ಲಿ ತಂದೆ ಮಗ ಇಬ್ಬರಿಗೂ ನೊಬೆಲ್ ಬಂತು. ಮಗನಿಗೆ ಆಗ 25.

ಎಲ್ಲರೂ ಒಪ್ಪಲಿಲ್ಲ. ಅರ್ಹೇನಿಯಸ್ಸನನ್ನು ಮೊದಲಿನಿಂದಲೂ ವಿರೋಧಿಸುತ್ತ ಬಂದಿದ್ದ ಇಂಗ್ಲೆಂಡಿನ ಹೆನ್ರಿ ಆರ್ಮ್‌ಸ್ಟ್ರಾಂಗ್ 1927ರಲ್ಲಿ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ನೇಚರ್ ಪತ್ರಿಕೆಗೆ ಸಿಟ್ಟಿನ ಪತ್ರ ಬರೆದರು. ಬಡಪಾಯಿ ಅಡುಗೆ ಉಪ್ಪನ್ನು ಚದುರಂಗದ ಹಾಸಾಗಿ ಮಾಡಿಬಿಟ್ಟರಲ್ಲ ಎಂಬುದು ಅವರ ದೂರು. ಮುದುಕರ ಹಟವೆಂದು ನಗುವುದು ಸುಲಭ. ಆದರೆ ಅವರು ಬದುಕಿಡೀ ಕಲಿಸಿದ ಶಾಸ್ತ್ರದಲ್ಲಿ ಸೂತ್ರವೆಂದರೆ ಅಣುವಿನ ಚಿತ್ರ. ಅಣುವೇ ಇಲ್ಲ ಎಂದಾಗ ಸೂತ್ರ ಯಾವುದರ ಚಿತ್ರ ಎಂಬ ಪ್ರಶ್ನೆ ನಿಜಕ್ಕೂ ಏಳುತ್ತದೆ. ಉತ್ತರ ಇಷ್ಟೇ: ಅಯಾನಿಕ ಸಂಯುಕ್ತದ ಸೂತ್ರ ಚಿತ್ರವಲ್ಲ, ಅನುಪಾತ. ಲೆಕ್ಕ ಚುಕ್ತಾ ಆಗುವ ಅತಿ ಚಿಕ್ಕ ಸಂಖ್ಯೆಗಳು. ಕನ್ನಡದಲ್ಲಿ ಇಂದಿಗೂ ಉಪ್ಪಿನ ಅಣುಸೂತ್ರ ಬರೆಯಿರಿ ಎಂದು ಕೇಳುವುದುಂಟು. ಆ ಅಣು 1913ರಲ್ಲೇ ಹೋಯಿತು, ಮಾತು ಉಳಿದಿದೆ.

ಅತಿ ಚಿಕ್ಕ ಸಂಖ್ಯೆ ಎಂಬ ನಿಯಮಕ್ಕೂ ವಿನಾಯಿತಿಗಳಿವೆ. ಪಾದರಸದ ಒಂದು ಬಗೆಯ ಅಯಾನಿನಲ್ಲಿ ಎರಡು ಪರಮಾಣುಗಳು ಜೊತೆಯಾಗಿದ್ದು, ಎರಡು ಆವೇಶ ಹೊತ್ತಿರುತ್ತವೆ. ಅಲ್ಲಿ ಎರಡಕ್ಕೆರಡನ್ನು ಒಂದಕ್ಕೊಂದು ಎಂದು ಕಿರಿದು ಮಾಡಿದರೆ ಲೆಕ್ಕ ಸರಿಯಿದ್ದರೂ ವಸ್ತು ತಪ್ಪಾಗುತ್ತದೆ. 1896ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಪ್ರಫುಲ್ಲಚಂದ್ರ ರಾಯ್ ಅವರು ಪ್ರಕಟಿಸಿ ಹೆಸರಾದ ಮರ್ಕ್ಯುರಸ್ ನೈಟ್ರೈಟ್ ಇದೇ ಅಯಾನಿನ ಸಂಯುಕ್ತ.

ರಾಯ್ ಅವರ ಶಿಷ್ಯ ಜ್ಞಾನಚಂದ್ರ ಘೋಷ್ 1918ರಲ್ಲಿ ಈ ಕಥೆಗೆ ಒಂದು ಮುಖ್ಯ ಮಾತು ಸೇರಿಸಿದರು. ಉಪ್ಪಿನ ಬಹುಭಾಗ ನೀರಿನಲ್ಲಿ ಬಿಡಿಯಾಗುತ್ತದೆ ಎಂದಿದ್ದ ಅರ್ಹೇನಿಯಸ್. ಹರಳಿನಲ್ಲೇ ಅಣು ಇಲ್ಲವೆಂದ ಮೇಲೆ ನೀರಿನಲ್ಲಿ ಎಲ್ಲಿಂದ ಬರಬೇಕು, ಪೂರ್ತಿಯಾಗಿಯೇ ಬಿಡಿಯಾಗಿರುತ್ತದೆ ಎಂಬ ನೆಲೆಯಿಂದ ಘೋಷ್ ಲೆಕ್ಕ ಕಟ್ಟಿದರು. ವ್ಯತ್ಯಾಸಕ್ಕೆ ಕಾರಣ ಅಯಾನುಗಳ ನಡುವಿನ ಸೆಳೆತ ಎಂದರು. ದ್ರಾವಣದಲ್ಲೂ ಅಯಾನುಗಳು ಹರಳಿನಂತೆ ಸಾಲಾಗಿ ನಿಲ್ಲುತ್ತವೆ ಎಂಬ ಅವರ ಊಹೆ ನಿಲ್ಲಲಿಲ್ಲ. 1923ರಲ್ಲಿ ಡಿಬೈ ಮತ್ತು ಹ್ಯುಕೆಲ್ ಅದರ ಬದಲು ಪ್ರತಿ ಅಯಾನಿನ ಸುತ್ತ ವಿರುದ್ಧ ಆವೇಶದ ಮೋಡವನ್ನು ಕಲ್ಪಿಸಿ ಲೆಕ್ಕ ಸರಿಮಾಡಿದರು. ಘೋಷ್ ಮುಂದೆ 1939ರಿಂದ 1948ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು.

ಒಂದು ಲೀಟರಿನ ಲೆಕ್ಕ

ಇಷ್ಟೆಲ್ಲ ಜಗಳದ ಫಲವನ್ನು ಔಷಧದ ಅಂಗಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣದಲ್ಲಿ ನೋಡಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದ ಪ್ರಕಾರ ಒಂದು ಲೀಟರ್ ನೀರಿಗೆ 2.6 ಗ್ರಾಂ ಅಡುಗೆ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್, 13.5 ಗ್ರಾಂ ಗ್ಲೂಕೋಸ್. ಭೇದಿಯಿಂದ ಬಳಲಿದ ಮಗುವಿನ ಕರುಳು ಸೋಡಿಯಂ ಹೀರಿಕೊಳ್ಳಲು ಗ್ಲೂಕೋಸ್ ನೆರವಾಗುತ್ತದೆ, ಸೋಡಿಯಂನ ಹಿಂದೆಯೇ ನೀರೂ ಹೋಗುತ್ತದೆ. ಗ್ರಾಂಗಳ ಜೊತೆಗೆ ಕಣಗಳ ಎಣಿಕೆಯನ್ನೂ ಮಿಲಿಮೋಲ್ ಎಂಬ ಮಾನದಲ್ಲಿ ಕೊಡುವುದುಂಟು: ಸೋಡಿಯಂ 75, ಪೊಟ್ಯಾಸಿಯಂ 20, ಕ್ಲೋರೈಡ್ 65, ಸಿಟ್ರೇಟ್ 10.

ಧನದ ಕಡೆ 75 ಮತ್ತು 20, ಒಟ್ಟು 95. ಋಣದ ಕಡೆ ಕ್ಲೋರೈಡ್ 65; ಸಿಟ್ರೇಟಿನ ಪ್ರತಿ ಅಯಾನಿಗೂ ಮೂರು ಋಣ, ಅಂದರೆ 30; ಒಟ್ಟು 95.

ಹಳೆಯ ಪೊಟ್ಟಣದಲ್ಲಿ ಸಿಟ್ರೇಟಿನ ಜಾಗದಲ್ಲಿ ಅಡುಗೆ ಸೋಡಾ ಇತ್ತು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನ್‌ಗಾಂವ್ ಶಿಬಿರದಲ್ಲಿ ಕಾಲರಾ ಹರಡಿದಾಗ, ಸಲೈನ್ ಸಾಲದೆ ಡಾ. ದಿಲೀಪ್ ಮಹಲನಬಿಸ್ ಅವರು ಡ್ರಮ್ಮುಗಳಿಂದ ಕುಡಿಸಿದ್ದು ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನೇ. ಮುಂದೆ ಕಾರ್ಖಾನೆಯ ಪೊಟ್ಟಣಗಳು ಬಂದಾಗ, ಸೆಕೆಯೂ ತೇವವೂ ಇರುವ ಊರುಗಳಲ್ಲಿ ಸೋಡಾ ಬೆರೆತ ಪುಡಿ ಕೆಡುತ್ತಿತ್ತು. 1980ರ ದಶಕದಲ್ಲಿ ಅದನ್ನು ತೆಗೆದು ಸಿಟ್ರೇಟ್ ಹಾಕಿದರು. ಸೋಡಾದ ಬೈಕಾರ್ಬನೇಟ್ ಅಯಾನಿಗೆ ಒಂದೇ ಋಣ, ಅದು ಲೀಟರಿಗೆ 30 ಮಿಲಿಮೋಲ್ ಇತ್ತು. ಸಿಟ್ರೇಟಿಗೆ ಮೂರು ಋಣ, ಹಾಗಾಗಿ 10 ಸಾಕಾಯಿತು. ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್‌ಗಳ ಅಂಕಿಯನ್ನು ಆಗ ಮುಟ್ಟಬೇಕಾಗಲಿಲ್ಲ.

ಮೂವತ್ತು ಒಂದಲಿ ಮೂವತ್ತು, ಹತ್ತು ಮೂರಲಿ ಮೂವತ್ತು. ಒಂಬತ್ತನೇ ತರಗತಿಯ ಮಗು ಮಾಡಬಹುದಾದ ಲೆಕ್ಕ.